ಅತ್ತೆಯವರ ಧಾಟಿ

ಭಾನುವಾರ, ೭ ನವೆಂಬರ್ ೧೯೯೩

ತುಮಕೂರಿನಲ್ಲಿ ಭಜನಾ ಸ್ಪರ್ಧೆಯ ಸಮಿತಿ ಸಭೆ ಮುಗಿಸಿ ಈಗ ತಾನೇ ಗುಬ್ಬಿಗೆ ಬಂದೆ. ಕಾಲು ನೋಯುತ್ತಿದ್ದರೂ ಮನಸ್ಸು ಹಗುರಾಗಿದೆ. ನಾನು ಪಟ್ಟು ಹಿಡಿದ ನಿಯಮ ಪಾಸಾಯಿತು. ಇನ್ನು ಮೇಲೆ ಯಾವ ಮಂಡಳಿಯೂ ಭಜನೆಗೆ ಸಿನಿಮಾ ಧಾಟಿ ಬಳಸಕೂಡದು. ಬಳಸಿದ್ದು ಗೊತ್ತಾದರೆ ಮೂರು ವರ್ಷ ಹೊರಗಿಡುವುದು, ಹೆಸರನ್ನು ವೇದಿಕೆಯ ಮೇಲೆ ಓದಿ ಹೇಳುವುದು. ಓದಿ ಹೇಳುವುದು ಎಂಬ ಮಾತನ್ನು ಸೇರಿಸಿದವಳೂ ನಾನೇ.

ಗುಬ್ಬಿಯದೇ ಕೆಳಗಿನ ಬೀದಿ ಮಂಡಳಿಯ, ವರ್ಷಗಳಿಂದ ನನ್ನೊಡನೆ ಮಾತಿಲ್ಲದ ಭದ್ರಮ್ಮನವರು ಹುಣಸೆಕಾಯಿ ಕಚ್ಚಿದವರಂತೆ ಕೂತಿದ್ದರು. ಕೂತಿರಲಿ. ಹೋದ ವರ್ಷ ಯಾವುದೋ ಸಿನಿಮಾದ ಡ್ಯುಯೆಟ್ಟಿಗೆ ಶಿವನ ಹೆಸರು ಅಂಟಿಸಿ ಮೊದಲ ಬಹುಮಾನ ಹೊತ್ತುಕೊಂಡು ಹೋದವರು ಅವರು. ಹೀರೋ ಬಂದು ಹೀರೋಯಿನ್ನಿನ ಜಡೆ ಎಳೆಯುವ ಜಾಗದಲ್ಲಿ ಇವರು ‘ಶಂಭೋ’ ಎಂದು ಕೈ ಮುಗಿದಿದ್ದರು. ನಮಗೆ ಎರಡನೆಯ ಬಹುಮಾನ. ಇಷ್ಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಕದಿಯಬಾರದು, ಸುಳ್ಳು ಹೇಳಬಾರದು ಎಂದು ಪಾಠ ಮಾಡಿದವಳು ನಾನು. ಕದ್ದ ಮಾಲಿನ ಮುಂದೆ ಸೋತದ್ದು ಇನ್ನೂ ಉರಿಯುತ್ತಿದೆ.

ಈ ಸಲ ನಮ್ಮ ಮೇಲಿನ ಬೀದಿ ಮಂಡಳಿಗೆ ಧಾಟಿಯ ಚಿಂತೆಯೇ ಇಲ್ಲ. ನಮ್ಮ ಅತ್ತೆಯವರ ಧಾಟಿ ಇದೆ. ನಾನು ಮದುವೆಯಾಗಿ ಕುಣಿಗಲಿನಿಂದ ಬರುವ ಮೊದಲೇ ತೀರಿಕೊಂಡ ಅತ್ತೆ. ಚೇಳೂರಿನ ಮನೆಯಲ್ಲಿ ರಾಗಿ ಬೀಸುತ್ತಾ ಹಾಡುತ್ತಿದ್ದರಂತೆ. ಇವರು ಗಡ್ಡ ಹೆರೆದುಕೊಳ್ಳುವಾಗ ಅದನ್ನೇ ಗುನುಗುತ್ತಾರೆ. ಮದುವೆಯಾದ ಹೊಸದರಲ್ಲಿ ಇದು ಯಾವ ಹಾಡು ಎಂದು ಕೇಳಿದ್ದಕ್ಕೆ ‘ನಮ್ಮವ್ವನ ಬೀಸೋ ಪದ’ ಎಂದಿದ್ದರು. ಅದಕ್ಕೆ ನಾನೇ ಮಾತು ಕಟ್ಟಿದ್ದೇನೆ: ‘ಏಳಯ್ಯ ರಂಗಯ್ಯ, ಬೆಳಗಾಯಿತು, ಏಳು.’ ಅತ್ತೆಯವರ ಫೋಟೋಗೆ ಹೂ ಮುಡಿಸಿ, ಅಪ್ಪಣೆ ಕೇಳಿಯೇ ಶುರು ಮಾಡಿದೆ.

ಮಂಗಳವಾರ, ೧೬ ನವೆಂಬರ್

ಅಭ್ಯಾಸ ಚೆನ್ನಾಗಿ ನಡೆಯುತ್ತಿದೆ. ಎಂಥ ಧಾಟಿ ಅದು. ಬಾಗಿಲು ತೆರೆದು ಹಾಡಿದರೆ ಬೀದಿಯಲ್ಲಿ ಹೋಗುವವರು ನಿಂತು ಹೋಗುತ್ತಾರೆ. ಎರಡನೇ ಸಾಲಿನಲ್ಲಿ ಒಂದು ಕಡೆ ಗಂಟಲು ಹೀಗೆ ಜಾರಿ ಹಾಗೆ ಏಳಬೇಕು. ಅತ್ತೆ ಬೀಸುವ ಕಲ್ಲಿನ ಗೂಟ ಹಿಡಿದುಕೊಂಡು ಅಲ್ಲಿ ಹೇಗೆ ಉಸಿರು ಎಳೆದುಕೊಳ್ಳುತ್ತಿದ್ದರೋ ಎಂದುಕೊಂಡರೆ ಕಣ್ಣು ತುಂಬುತ್ತದೆ.

ಇವರು ಮಾತ್ರ ಯಾಕೋ ಸಪ್ಪಗಿದ್ದಾರೆ. ‘ಬೇರೆ ಯಾವ್ದಾದ್ರೂ ನೋಡೇ, ದೇವರ ಪದಕ್ಕೇನು ಬರಗಾಲವಾ’ ಎಂದು ಇವತ್ತೂ ಅಂದರು. ಅವ್ವನ ನೆನಪಾಗಿ ಸಂಕಟವಾಗುತ್ತದೆಯೋ ಏನೋ. ಪಾಪ.

ಬುಧವಾರ, ೨೪ ನವೆಂಬರ್

ಅಕ್ಷರ ಸೊಟ್ಟಗಾದರೆ ಆಗಲಿ, ಇವತ್ತೇ ಬರೆದುಬಿಡಬೇಕು.

ಸಂಜೆ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದೆ. ಮಗಳು ತೇಜಸ್ವಿನಿ ತುಮಕೂರಿನ ಕಾಲೇಜಿನಿಂದ ಬಂದವಳೇ ಟಿ.ವಿ. ಮುಂದೆ ಕೂತಿದ್ದಳು. ಹಿಂದಿ ಹಾಡುಗಳ ಕಾರ್ಯಕ್ರಮ. ಇದ್ದಕ್ಕಿದ್ದಂತೆ ಟಿ.ವಿ.ಯೊಳಗಿಂದ ನಮ್ಮ ಅತ್ತೆ ಹಾಡತೊಡಗಿದರು.

ಕೋಲು ಹಿಡಿದುಕೊಂಡೇ ಓಡಿ ಬಂದು ನೋಡಿದೆ. ಕೆಂಪು ದೀಪ, ಸಿಗರೇಟಿನ ಹೊಗೆ, ಕಳ್ಳರ ಅಡ್ಡೆ. ತೋಳಿಲ್ಲದ ಉಡುಪಿನ ಒಬ್ಬಳು ಗ್ಲಾಸು ಹಿಡಿದು ಇನ್ಸ್‌ಪೆಕ್ಟರನ ಸುತ್ತ ಸುತ್ತುತ್ತಿದ್ದಾಳೆ. ಧಾಟಿ ನಮ್ಮದೇ. ಗಂಟಲು ಜಾರಿ ಏಳುವ ಜಾಗವೂ ಅದೇ. ಎರಡೇ ಸಾಲು ತೋರಿಸಿ, ಡಿಸೆಂಬರ್ ನಾಲ್ಕರ ಶನಿವಾರ ಸಂಜೆ ಇಡೀ ಸಿನಿಮಾ ಎಂದು ಹೇಳಿ ನಿಲ್ಲಿಸಿದರು. ಸ್ಪರ್ಧೆ ಐದನೇ ತಾರೀಖು, ಭಾನುವಾರ.

‘ಏನೇ ಹೇಳ್ತಿದ್ಲು ಅವ್ಳು’ ಎಂದೆ. ತೇಜು ನನ್ನ ಮುಖ ನೋಡದೆ ಹೇಳಿದಳು: ‘ಗ್ಲಾಸ್‌ನಲ್ಲಿ ವಿಷ ಇದೆಯಮ್ಮ. ಕುಡಿದು ಮಲಗು ರಾಜಾ, ಇನ್ನು ಏಳಬೇಡ ಅಂತಿದಾಳೆ.’

ನಾನು ರಂಗನನ್ನು ಎಬ್ಬಿಸುತ್ತಿರುವ ಧಾಟಿಯಲ್ಲಿ ಅವಳು ಪೊಲೀಸನನ್ನು ಪರ್ಮನೆಂಟಾಗಿ ಮಲಗಿಸುತ್ತಿದ್ದಾಳೆ. ಆ ಸಿನಿಮಾದ ಹೆಸರನ್ನು, ಮೊದಲ ಪುಟಕ್ಕೆ ಶ್ರೀಕಾರ ಹಾಕಿದ ಈ ಪುಸ್ತಕದಲ್ಲಿ ಬರೆಯುವುದಿಲ್ಲ.

ಇವರು ಹಿತ್ತಿಲಿಗೆ ಹೋದವರು ಊಟದ ಹೊತ್ತಿನ ತನಕ ಒಳಗೆ ಬರಲಿಲ್ಲ. ಮುದ್ದೆ ತಳ ಹತ್ತಿತು.

ಗುರುವಾರ, ೨೫ ನವೆಂಬರ್

ಬೆಳಿಗ್ಗೆ ಇವರ ಮುಂದೆ ಅತ್ತೆಯ ಫೋಟೋ ಇಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ನಾನು ಬಾಯಿ ತೆರೆಯುವ ಮೊದಲೇ ‘ತಪ್ಪಾಯ್ತು ಕಣೇ’ ಎಂದರು.

‘ನಿಮ್ಮಪ್ಪ ನಿಶ್ಚಿತಾರ್ಥದಲ್ಲಿ ಏನಂದ್ರು, ಸಿನಿಮಾ ನೋಡೋನಿಗೆ ಹೆಣ್ಣು ಕೊಡಲ್ಲ ಅಂದ್ರು. ನಾನು ನೋಡಲ್ಲ ಅಂದೆ. ಆಮ್ಯಾಕೆ ಆ ಪಿಕ್ಚರ್ ಬಂತು. ಅದರ ಮ್ಯೂಸಿಕ್ ಹಂಗಿತ್ತು, ನಾನೇನ್ ಮಾಡ್ಲಿ. ನೀನು ಯಾವ ಪದ ಅಂತ ಕೇಳಿದಾಗ ನಿಜ ಹೇಳಿದ್ರೆ ಕುಣಿಗಲ್ ಬಸ್ ಹತ್ತಿಬಿಡ್ತಿದ್ದೆ. ಅವ್ವನ ಹೆಸರು ಬಾಯಿಗೆ ಬಂತು.’

‘ಎಷ್ಟು ಸಲ ನೋಡಿದ್ರಿ.’ ಬೆರಳು ಮಡಚಿ ಎಣಿಸಲು ಹೋಗಿ, ಒಂದು ಕೈಯ ಬೆರಳು ಮುಗಿದು, ಇನ್ನೊಂದು ಕೈಯದೂ ಮುಗಿದು, ಬಿಟ್ಟುಬಿಟ್ಟರು.

‘ಶನಿವಾರ ಶನಿವಾರ ದೇವರಾಯನದುರ್ಗದ ಹರಕೆ ಅಂತ ಹೋಗ್ತಿದ್ರಲ್ಲ.’

‘ಅದೇ ಅದು.’

‘ಮತ್ತೆ ಪ್ರಸಾದ ತರ್ತಿದ್ರಿ.’

‘ಟಾಕೀಸ್ ಮುಂದ್ಗಡೆ ಕೊಬ್ಬರಿ ಮಿಠಾಯಿ ಮಾರ್ತಿದ್ರು.’

ಸ್ನಾನ ಮಾಡಿ, ಕಣ್ಣಿಗೆ ಒತ್ತಿಕೊಂಡು ತಿನ್ನುತ್ತಿದ್ದೆ ಅದನ್ನು. ಬಸುರಿಯಾಗಿದ್ದಾಗ ಒಂದು ಚೂರು ಉಳಿಸಿ ದಿಂಬಿನ ಕೆಳಗೂ ಇಟ್ಟುಕೊಂಡಿದ್ದೆ, ಇರುವೆ ಮುತ್ತಿತ್ತು.

‘ಜೊತೆಗೆ ಯಾರಿದ್ರು’ ಎಂದೆ. ‘ಒಬ್ನೇ ಕಣೇ, ನಮ್ಮವ್ವನಾಣೆ’ ಎಂದರು. ಆ ಅವ್ವನನ್ನು ಬಿಟ್ಟುಬಿಡಿ ಇನ್ನು ಎಂದೆ.

ನನಗೆ ಸಿಟ್ಟಿಗಿಂತ ಅಳು ಬರುತ್ತಿದೆ. ಕಾಣದ ಅತ್ತೆಯನ್ನು ಒಂದು ಹಾಡಿನಿಂದ ನನ್ನವಳಾಗಿ ಮಾಡಿಕೊಂಡಿದ್ದೆ. ಈಗ ಫೋಟೋದಲ್ಲಿ ಕೂತಿರುವವರು ಯಾರೋ ಬೇರೆ ಹೆಂಗಸು. ಇವರೊಂದಿಗೆ ಮಾತು ಬಿಟ್ಟಿದ್ದೇನೆ.

ಶನಿವಾರ, ೨೭ ನವೆಂಬರ್

ಧಾಟಿ ಬದಲಾಯಿಸೋಣ ಎಂದು ಮಂಡಳಿಗೆ ಹೇಳಿದೆ. ಯಾಕೆ ಎಂದರು. ಕನಸಿನಲ್ಲಿ ಅತ್ತೆ ಬಂದು ಬೇಡ ಅಂದರು ಎಂದೆ. ಇದು ಪೂರಾ ಸುಳ್ಳಲ್ಲ, ಅತ್ತೆ ಬಂದಿದ್ದರೆ ಬೇಡ ಎಂದೇ ಅನ್ನುತ್ತಿದ್ದರು.

ಹಳೆಯ ಧಾಟಿಯೊಂದನ್ನು ಹೇಳಿಕೊಟ್ಟೆ. ಮೊದಲ ಸಾಲು ಸರಿಯಾಗಿ ಹೋಗುತ್ತದೆ. ಎರಡನೇ ಸಾಲು ಬಂತೆಂದರೆ ಎಲ್ಲರ ಗಂಟಲೂ ಜಾರುತ್ತದೆ, ಏಳುತ್ತದೆ, ಕಳ್ಳರ ಅಡ್ಡೆಗೆ ಬಂದು ನಿಲ್ಲುತ್ತದೆ. ಎಮ್ಮೆಗಳು ಸಂಜೆ ತಾವಾಗಿಯೇ ಕೊಟ್ಟಿಗೆಗೆ ಬಂದ ಹಾಗೆ. ಬೈದು ಸಾಕಾಗಿ ನಾನೇ ಹಾಡಿ ತೋರಿಸಲು ಹೋದೆ. ನಾನೂ ಅಲ್ಲಿಗೇ ಬಂದೆ.

ಸೋಮವಾರ, ೨೯ ನವೆಂಬರ್

ಸ್ಪರ್ಧೆಯಿಂದ ಹಿಂದೆ ಸರಿಯುವ ಹಾಗಿಲ್ಲ. ನಿಯಮ ಮಾಡಿದವಳೇ ಬರಲಿಲ್ಲ ಎಂದರೆ ಭದ್ರಮ್ಮನವರು ಮೂಸಿ ನೋಡಿ ಕಾರಣ ಕಂಡುಹಿಡಿಯುತ್ತಾರೆ. ಹೋಗಿ ಹಾಡಿದರೆ, ಹಿಂದಿನ ಸಂಜೆಯಷ್ಟೇ ಊರೆಲ್ಲ ಟಿ.ವಿ.ಯಲ್ಲಿ ಅದನ್ನೇ ಕೇಳಿರುತ್ತದೆ. ಮೂರು ವರ್ಷ ಹೊರಗೆ, ವೇದಿಕೆಯ ಮೇಲೆ ಹೆಸರು. ಶಾಲೆಯಲ್ಲಿ ಮಕ್ಕಳು ಬೆಂಚಿನ ಕೆಳಗೆ ಗುನುಗುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು.

ತೀರ್ಪುಗಾರ ಮಹಾಲಿಂಗಯ್ಯನವರ ಭಯ ನನಗಿಲ್ಲ. ತುಮಕೂರಿನ ಹಾರ್ಮೋನಿಯಂ ವಿದ್ವಾಂಸರು, ಟಿ.ವಿ. ಇರುವ ಮನೆಯಲ್ಲಿ ನೀರೂ ಕುಡಿಯದವರು. ತುಮಕೂರಿನವರಿಗೆ ನಮ್ಮ ಮಂಡಳಿಗಳ ಜಗಳದ ಗೊಡವೆಯಿಲ್ಲ, ಬಾಯಿ ಬಿಡುವವರೇನಿದ್ದರೂ ಗುಬ್ಬಿಯವರೇ. ಗುಬ್ಬಿ ಒಂದು ಆ ಸಂಜೆ ಟಿ.ವಿ. ನೋಡದಿದ್ದರೆ ಸಾಕು.

ಗುಬ್ಬಿ ಒಂದು ಟಿ.ವಿ. ನೋಡದಿದ್ದರೆ ಸಾಕು.

ಬುಧವಾರ, ೧ ಡಿಸೆಂಬರ್

ಲೈನ್‌ಮನ್ ದ್ಯಾವಪ್ಪನಿಗೆ ಹೋಳಿಗೆ ತೆಗೆದುಕೊಂಡು ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿ. ಮಗ್ಗಿ ಬಾರದೆ ನನ್ನಿಂದ ಏಟು ತಿಂದವನು, ಆದರೂ ಗೌರವ ಇಟ್ಟುಕೊಂಡಿದ್ದಾನೆ.

‘ಶನಿವಾರ ಸಂಜೆ ರಂಗನ ಗುಡಿಯಲ್ಲಿ ಕಾರ್ತಿಕದ ದೀಪ ಕಣೋ. ಟ್ಯೂಬ್‌ಲೈಟ್ ಬೆಳಕಲ್ಲಿ ಹಣತೆ ಕಾಣೋದೇ ಇಲ್ಲ. ಆರರಿಂದ ಒಂಬತ್ತರ ತನಕ ಕರೆಂಟು ಇಲ್ಲದಿದ್ದರೆ ದೇವರಿಗೆ ಎಷ್ಟು ಲಕ್ಷಣ ಅಲ್ವಾ’ ಎಂದೆ.

ಅವನು ಹೋಳಿಗೆಯ ಬಾಳೆಲೆ ಬಿಚ್ಚಿ ಮೂಸಿ, ‘ಆಗ್ಲಿ ಬುಡಿ ಟೀಚರಮ್ಮ, ಲೈನ್ ಮೇಲೆ ತೆಂಗಿನ ಗರಿ ಬಿದ್ದದೆ ಅಂದ್ರಾಯ್ತು’ ಎಂದ.

ಇಷ್ಟು ಸುಲಭವಾಗಿ ಒಪ್ಪುತ್ತಾನೆ ಎಂದುಕೊಂಡಿರಲಿಲ್ಲ. ತುಪ್ಪದ ಹೋಳಿಗೆಗೆ ಮಣಿಯದವರು ಯಾರು. ದೇವರ ಕೆಲಸಕ್ಕೆ ಹೇಳಿದ್ದು, ಆದ್ದರಿಂದ ಇದು ಲಂಚವಾಗುವುದಿಲ್ಲ.

ಗುರುವಾರ, ೨ ಡಿಸೆಂಬರ್

ಒಂದು ತೂತು ಉಳಿದಿತ್ತು. ಅಕ್ಕಿ ಗಿರಣಿಯವರು ಕರೆಂಟು ಹೋದರೆ ಜೀಪಿನ ಬ್ಯಾಟರಿಯಿಂದ ಟಿ.ವಿ. ಓಡಿಸುತ್ತಾರೆ, ಅರ್ಧ ಬೀದಿ ಅವರ ಕಿಟಕಿಯಲ್ಲಿ ನೇತಾಡುತ್ತದೆ. ಇದು ಹೊಳೆದದ್ದು ಇವರಿಗೆ. ಮಾತು ಬಿಟ್ಟಿದ್ದರಿಂದ ತೇಜುವಿನ ಕಡೆ ತಿರುಗಿ ಹೇಳಿದರು: ‘ನಿಮ್ಮವ್ವಂಗೆ ಹೇಳು, ಜೀಪು ಊರಲ್ಲಿದ್ರೆ ಪ್ಲಾನು ಫೇಲು.’

ನಾನೂ ತೇಜುವಿನ ಕಡೆ ತಿರುಗಿ, ‘ನಿಮ್ಮಪ್ಪನ್ನ ಕೇಳು, ಜೀಪು ಊರು ಬಿಡೋ ಹಾಗೆ ಮಾಡೋದು ಹೇಗೆ’ ಎಂದೆ.

ತೇಜು ಪುಸ್ತಕ ಮುಚ್ಚಿ, ‘ನೀವೇ ಮಾತಾಡಿಕೊಳ್ಳಿ, ನನಗೆ ಇಂಟರ್ನಲ್ಸ್ ಇದೆ’ ಎಂದು ಎದ್ದು ಹೋದಳು. ಬೇರೆ ದಾರಿಯಿಲ್ಲದೆ ಇವರೊಂದಿಗೆ ನೇರವಾಗಿ ಮಾತಾಡಬೇಕಾಯಿತು. ಕೊನೆಗೆ, ಗಿರಣಿಯವರನ್ನು ದೀಪಕ್ಕೆ ಮುಖ್ಯ ಅತಿಥಿ ಮಾಡುವುದು, ಬೆಳ್ಳಾವಿಯಿಂದ ಹೂವಿನ ಬುಟ್ಟಿ ತರಲು ಅವರದೇ ಜೀಪು ಕೇಳುವುದು ಎಂದಾಯಿತು. ಮುಖ್ಯ ಅತಿಥಿ ಎಂದೊಡನೆ ಗಿರಣಿಯವರು ಡ್ರೈವರಿಗೆ ಹೇಳಿಯೇಬಿಟ್ಟರು. ಹೂವು ಗುಬ್ಬಿಯಲ್ಲೇ ಸಿಗುತ್ತದಲ್ಲ ಎಂದು ಯಾರೂ ಕೇಳಲಿಲ್ಲ.

ಇವರು ನನ್ನನ್ನು ‘ಬಾಸ್’ ಎಂದು ಕರೆದರು. ಆ ಸಿನಿಮಾದಲ್ಲಿ ಹಾಗೆ ಕರೆಯುತ್ತಾರಂತೆ. ಗದರಿಸಬೇಕಿತ್ತು, ಒಲೆಯ ಮೇಲೆ ಹಾಲಿತ್ತು, ಮರೆತೆ.

ಶನಿವಾರ, ೪ ಡಿಸೆಂಬರ್

ಆರು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಬೀದಿಯ ಎಲ್ಲ ಮನೆಗಳಿಂದಲೂ ‘ಥೂ’ ಎಂಬ ಒಂದೇ ಶಬ್ದ ಬಂತು. ನನಗಂತೂ ಮಂಗಳಾರತಿ ಕೇಳಿದಷ್ಟು ಸಂತೋಷವಾಯಿತು. ಗುಡಿಯಲ್ಲಿ ದೀಪ ಹಚ್ಚಿಸಿ, ಮುಖ್ಯ ಅತಿಥಿಗೆ ಹಾರ ಹಾಕಿಸಿ, ನೆವ ಹೇಳಿ ಬೇಗ ಮನೆಗೆ ಬಂದೆ. ಹಣತೆಗಳು ನಿಜವಾಗಿಯೂ ಚೆನ್ನಾಗಿ ಕಂಡವು.

ಇವರು ಜಗಲಿಯಲ್ಲಿ ಒಬ್ಬರೇ ಕತ್ತಲಲ್ಲಿ ಕೂತಿದ್ದರು. ಮುಖ ಕಾಣದಿದ್ದರೂ ಬೇಸರ ಗೊತ್ತಾಗುತ್ತಿತ್ತು. ಎಷ್ಟೋ ವರ್ಷದ ಮೇಲೆ ಬಂದ ಸಿನಿಮಾ, ಹೆಂಡತಿಯ ಮಾನಕ್ಕಾಗಿ ಬಿಟ್ಟುಕೊಟ್ಟಿದ್ದರು. ಪಕ್ಕದಲ್ಲಿ ಕೂತೆ. ‘ಈಗ ಏನು ನಡೀತಿರುತ್ತೆ ಅದರಲ್ಲಿ’ ಎಂದೆ, ಸುಮ್ಮನೆ ಕೇಳಿದ್ದು.

‘ಈಗಾ. ಗಡಿಯಾರ ರಿಪೇರಿ ಅಂಗಡಿ. ಅದರ ಕೆಳಗೆ ಅಡ್ಡೆ. ಉಪ್ಪಿನಕಾಯಿ ಜಾಡಿ ಒಳಗೆ ಚಿನ್ನ’ ಎಂದರು.

‘ಉಪ್ಪಿನಕಾಯಿ ಒಳಗಾ. ಎಣ್ಣೆ ಹತ್ತಲ್ವಾ.’

‘ಚಿನ್ನಕ್ಕೆ ಎಣ್ಣೆ ಹತ್ತಿದ್ರೇನೇ, ಕೇಳು.’

ಇವರು ಬಾಸಿನ ಗಂಟಲಲ್ಲಿ ಮಾತಾಡಿದರು, ಇನ್ಸ್‌ಪೆಕ್ಟರನ ಗಂಟಲಲ್ಲಿ ಮಾತಾಡಿದರು, ಕೊನೆಗೆ ಆ ಕುಣಿಯುವವಳ ಗಂಟಲಲ್ಲೂ ಮಾತಾಡಿದರು. ಹಿಂದಿ ಡೈಲಾಗು ಹೇಳಿ ಅದನ್ನು ಚೇಳೂರಿನ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ನಡುನಡುವೆ ಹಾಡು ಬಂದಾಗ ಹಾಡಲು ಹೋದರೆ ನಾನು ‘ಹಾಡು ಬಿಡಿ, ಅದರಿಂದಲೇ ಇಷ್ಟೆಲ್ಲ ಆಗಿದ್ದು, ಕಥೆ ಹೇಳಿ’ ಎಂದು ಮುಂದಕ್ಕೆ ದೂಡಿದೆ. ವಿಷದ ಗ್ಲಾಸಿನ ಹೊತ್ತಿಗೆ ನಾನು ಇವರ ಕೈ ಹಿಡಿದುಕೊಂಡಿದ್ದೆನಂತೆ, ಆಮೇಲೆ ಇವರೇ ಹೇಳಿದರು.

ಪಾಪ, ಆ ಹೆಂಗಸು ಕೆಟ್ಟವಳಲ್ಲ. ತಮ್ಮನನ್ನು ಬಾಸು ಕೂಡಿಹಾಕಿದ್ದರಿಂದ ಹಾಡುತ್ತಾಳೆ. ಇದು ಗೊತ್ತಿದ್ದರೆ ಆ ದಿನ ಅಷ್ಟು ಬೈಯುತ್ತಿರಲಿಲ್ಲ.

ಕರೆಂಟು ಬಂದಾಗ ಇಬ್ಬರಿಗೂ ಕಣ್ಣು ಚುಚ್ಚಿತು. ಇನ್ನಷ್ಟು ಹೊತ್ತು ಇಲ್ಲದಿದ್ದರೂ ಆಗುತ್ತಿತ್ತು.

ಭಾನುವಾರ, ೫ ಡಿಸೆಂಬರ್

ನಿಧಾನವಾಗಿ ಬರೆಯಬೇಕು, ಇಲ್ಲದಿದ್ದರೆ ನಗು ಬಂದು ಕೈ ತಪ್ಪುತ್ತದೆ.

ತುಮಕೂರಿನ ವೇದಿಕೆಯಲ್ಲಿ ಮೊದಲು ಕೆಳಗಿನ ಬೀದಿಯವರು ಹಾಡಿದರು. ಶಿವನ ಮೇಲಿನದು, ನಾನು ಕೇಳಿಯೇ ಇಲ್ಲದ ಧಾಟಿ. ಒಪ್ಪಬೇಕು, ಚೆನ್ನಾಗಿತ್ತು. ಪಲ್ಲವಿ ಮುಗಿದ ಮೇಲೆ ಒಂದು ಹುಡುಗಿ ಪಿಟೀಲಿನಲ್ಲಿ ಸಣ್ಣ ತುಣುಕು ನುಡಿಸಿದಳು, ಮೈ ಜುಮ್ಮೆಂದಿತು. ಇವರು ಟವಲಿನಲ್ಲಿ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದರು. ಭದ್ರಮ್ಮನವರನ್ನು ನೋಡಿ ನಗುತ್ತಿದ್ದಾರೆ ಎಂದುಕೊಂಡು ನನಗೆ ಒಳಗೊಳಗೇ ಹಿತವಾಯಿತು.

ಆಮೇಲೆ ನಾವು. ‘ಏಳಯ್ಯ ರಂಗಯ್ಯ’ ಎಂದು ಎತ್ತಿದೆವು. ಎರಡನೇ ಸಾಲಿನಲ್ಲಿ ಗಂಟಲು ಜಾರಿ ಎದ್ದಾಗ ಸಭೆಯಲ್ಲಿ ಎಷ್ಟೋ ತಲೆಗಳು ತೂಗಿದವು, ಎಲ್ಲವೂ ನಡುವಯಸ್ಸಿನ ಗಂಡಸರವು. ಭದ್ರಮ್ಮನವರು ನನ್ನನ್ನೇ ದಿಟ್ಟಿಸುತ್ತಿದ್ದರು. ಈಗ ಏಳುತ್ತಾರೆ, ಈಗ ಕೈ ಎತ್ತುತ್ತಾರೆ ಎಂದು ಕಾದೆ. ಏಳಲಿಲ್ಲ.

ಅವರಿಗೆ ಮೊದಲನೆಯದು, ನಮಗೆ ಎರಡನೆಯದು. ಮಾನ ಉಳಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಮಹಾಲಿಂಗಯ್ಯನವರು ಪಕ್ಕಕ್ಕೆ ಕರೆದರು.

‘ಚೆನ್ನಾಗಿ ಹಾಡಿದ್ರಿ ತಾಯಿ. ಆದ್ರೆ ನಡುವೆ ಬರೋ ಆ ಕ್ಲಾರಿನೆಟ್ ಪೀಸ್ ಬಿಟ್ಬಿಟ್ರಲ್ಲ. ಭದ್ರಮ್ಮನೋರು ಎತ್ಕೊಂಡಿದ್ದು ಅದೇ ಪಿಕ್ಚರಿನ ಇನ್ನೊಂದು ಹಾಡು, ಆದ್ರೆ ಅದರ ಪಿಟೀಲು ಬಿಡಲಿಲ್ಲ ನೋಡಿ. ಅಲ್ಲೇ ನಿಮಗೆ ಮಾರ್ಕ್ಸ್ ಹೋಗಿದ್ದು.’

‘ಮತ್ತೆ ನಿಯಮ’ ಎಂದು ತೊದಲಿದೆ.

‘ನಿಯಮದ ಪ್ರಕಾರ ನಿಮ್ಮಿಬ್ಬರನ್ನೂ ಹೊರಗೆ ಹಾಕಬೇಕು. ಹಾಕಿದ್ರೆ, ಸ್ವಾಮಿ ನಿಮಗೆ ಹೆಂಗೆ ಗೊತ್ತಾಯ್ತು ಅಂತ ಜನ ನನ್ನ ಕೇಳ್ತಾರಲ್ಲಮ್ಮ’ ಎಂದು ಜುಬ್ಬದ ತೋಳು ಸರಿಮಾಡಿಕೊಂಡು ಹೊರಟುಹೋದರು.

ಇಡೀ ಗುಬ್ಬಿಗೆ ನಾನೇ ಕತ್ತಲೆ ಮಾಡಿಸಿದೆ. ಹಾಡು ಬೇಡ, ಕಥೆ ಹೇಳಿ ಎಂದು ಇವರ ಬಾಯನ್ನೂ ನಾನೇ ಕಟ್ಟಿದೆ. ಅದರಿಂದಲೇ ಎದುರಿಗೆ ನಿಂತು ಹಾಡಿದ ಕಳ್ಳಿಯನ್ನು ಗುರುತು ಹಿಡಿಯದೆ ಹೋದೆ.

ವಾಪಸು ಬರುವಾಗ ಬಸ್ಸು ತುಂಬಿತ್ತು. ಖಾಲಿಯಿದ್ದದ್ದು ಭದ್ರಮ್ಮನವರ ಪಕ್ಕದ ಸೀಟು ಒಂದೇ. ಕೂತೆ. ಹೆಗ್ಗೆರೆ ದಾಟುವ ತನಕ ಇಬ್ಬರೂ ಕಿಟಕಿಯಾಚೆ ತೆಂಗಿನ ಮರ ನೋಡಿದೆವು.

ಆಮೇಲೆ ಅವರೇ ಮೆಲ್ಲಗೆ ಕೇಳಿದರು: ‘ದ್ಯಾವಪ್ಪಂಗೆ ನೀವೇನು ಕೊಟ್ರಿ.’

ತಿರುಗಿ ನೋಡಿದೆ. ಮುಖದಲ್ಲಿ ಹುಣಸೆಕಾಯಿ ಇರಲಿಲ್ಲ.

‘ತುಪ್ಪದ ಹೋಳಿಗೆ’ ಎಂದೆ.

‘ನಾನು ಕಜ್ಜಾಯ. ನಮ್ಮನೇಲಿ ಶಿವಪೂಜೆ, ಕರೆಂಟು ಇದ್ರೆ ಧ್ಯಾನ ಕೆಡ್ತದೆ ಅಂದೆ.’

ನನಗೆ ತಡೆಯಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಅವರೂ ನಕ್ಕರು. ಕಂಡಕ್ಟರು ಟಿಕೆಟ್ ಕೇಳಲು ಬಂದವನು ಇಬ್ಬರಿಗೂ ಏನೋ ಆಗಿದೆ ಎಂದು ಮುಂದಕ್ಕೆ ಹೋದ.

‘ಆ ಧಾಟಿ ನಿಮಗೆ ಎಲ್ಲಿ ಸಿಕ್ತು’ ಎಂದೆ.

‘ನಮ್ಮ ಯಜಮಾನ್ರು ಅದು ಅವರ ತಾತ ಗಾಡಿ ಹೊಡೀವಾಗ ಹೇಳ್ತಿದ್ದ ಪದ ಅಂತ ನಂಬಿಸಿದ್ರು ಕಣಮ್ಮ. ಇನ್ನೊಂದಿನ ಟಿ.ವಿ.ಲಿ ಅದರದ್ದೂ ಎರಡು ಸಾಲು ಬಂತು, ಎದೆ ಒಡೀತು. ಹಿಡ್ದು ಕೇಳಿದ್ರೆ, ತುಮಕೂರಲ್ಲಿ ಆ ಪಿಕ್ಚರ್‌ಗೆ ಶನಿವಾರ ಶನಿವಾರ ಹೋಗಿದ್ದು ಇವರು ಮತ್ತೆ ನಿಮ್ಮನೆಯೋರಂತೆ.’

ಇಬ್ಬರೂ ಒಟ್ಟಿಗೆ ಹಿಂದಕ್ಕೆ ತಿರುಗಿದೆವು. ನಾವಿಬ್ಬರೂ ಮಾತಾಡದ ವರ್ಷಗಳಲ್ಲಿ ತಾವೂ ಮಾತಾಡುವುದಿಲ್ಲ ಎಂದು ತೋರಿಸಿಕೊಂಡಿದ್ದ ಗಂಡಸರು, ಇವರು ಮತ್ತು ಭದ್ರಮ್ಮನವರ ಯಜಮಾನರು ಅಣ್ಣಯ್ಯಪ್ಪ, ಕೊನೇ ಸೀಟಿನಲ್ಲಿ ತಲೆಗೆ ತಲೆ ತಾಗಿಸಿ ಕೂತಿದ್ದರು. ಒಬ್ಬರು ಸಿಳ್ಳೆ ಹಾಕುತ್ತ ಪಿಟೀಲಾಗಿದ್ದರು, ಇನ್ನೊಬ್ಬರು ಕ್ಲಾರಿನೆಟ್ಟು. ನಮ್ಮನ್ನು ಕಂಡು ಇಬ್ಬರೂ ಒಟ್ಟಿಗೆ ಕಿಟಕಿಗೆ ತಿರುಗಿದರು.

‘ಮನೇಲಿ ವಿಚಾರಿಸ್ಕೊಳ್ಳೋಣ ಬಿಡಿ’ ಎಂದರು ಭದ್ರಮ್ಮ. ಆಮೇಲೆ ನನ್ನ ಕಡೆಗೆ ಸರಿದು, ‘ಆದ್ರೂ ಒಂದು ಬೇಜಾರು ನೋಡಿ ಹನುಮಕ್ಕ. ಕರೆಂಟ್ ತೆಗೆಸಿ ಪಿಕ್ಚರ್ ನೋಡೋಕಾಗ್ಲಿಲ್ಲ. ಆ ಇನ್ಸ್‌ಪೆಕ್ಟರು ವಿಷ ಕುಡಿದು ಸತ್ತೇ ಹೋಗ್ತಾನಾ’ ಎಂದರು.

‘ಎಲ್ಲಿ ಸಾಯ್ತಾನೆ, ಕೇಳಿ’ ಎಂದು ಸೀಟಿನ ಮೇಲೆ ಕಾಲು ಮಡಚಿಕೊಂಡು ಶುರು ಮಾಡಿದೆ. ಬಾಸಿನ ಗಂಟಲು ನನಗೆ ಇವರಿಗಿಂತ ಚೆನ್ನಾಗಿ ಬರುತ್ತದೆ. ಮುಂದಿನ ಸೀಟಿನವರೂ ಹಿಂದಕ್ಕೆ ತಿರುಗಿ ಕೂತರು. ಗುಬ್ಬಿ ಬಂದಾಗ ಕಥೆ ಇನ್ನೂ ಗ್ಲಾಸಿನ ಹತ್ತಿರವೇ ಇತ್ತು. ಇಳಿದು ಬಸ್ ಸ್ಟ್ಯಾಂಡಿನಲ್ಲಿ, ಎರಡೂ ಮಂಡಳಿಯವರ ನಡುವೆ, ಬಹುಮಾನದ ಬಟ್ಟಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೆವು, ಆ ಇನ್ಸ್‌ಪೆಕ್ಟರನನ್ನು ಎಬ್ಬಿಸಿ ಕೂರಿಸಿದ ಮೇಲೆಯೇ ಮನೆಗೆ ಹೊರಟೆವು.